ಓದುಗರ ಪ್ರಶ್ನೆ: ಕಾಲೇಜಿನ ಮನಃಶಾಸ್ತ್ರ ಮೇಷ್ಟ್ರು ಏನು ಓದಿ ಬಂದವರು?

ಡಿಗ್ರಿಗೆ ಸೇರುವ ಹೊತ್ತು ಇದು. ಈ ಸಲ ಕೊಡಗಿನಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ಮನಃಶಾಸ್ತ್ರ ಪಾಠ ಮಾಡುವವರ ಓದು, ತರಬೇತಿ ಮತ್ತು ಅವರು ಏನು ಮಾಡಬಹುದು, ಏನು ಮಾಡಬಾರದು ಎಂಬುದರ ಸುತ್ತಲೇ ಇವೆ. ಆ ವಿಷಯ ಕಲಿಸುವವರೂ ಆಸ್ಪತ್ರೆಯಲ್ಲಿ ದುಡಿಯುವವರೂ ಕೂಡಿ ಉತ್ತರ ಬರೆದಿದ್ದಾರೆ.

ಪ್ರಶ್ನೆ: ಮಗಳು ಪಿಯುಸಿ ಮುಗಿಸಿದ್ದಾಳೆ, ಬಿ.ಎ.ಯಲ್ಲಿ ಮನಃಶಾಸ್ತ್ರವೇ ಬೇಕೆಂದು ಹಟ. ಎರಡು ಕಾಲೇಜಿನ ಮಾಹಿತಿ ಪುಸ್ತಕ ತಂದು ನೋಡಿದೆ. ಒಬ್ಬರ ಹೆಸರಿನ ಮುಂದೆ ಎಂ.ಎಸ್ಸಿ., ನೆಟ್. ಇನ್ನೊಬ್ಬರದು ಪಿಎಚ್.ಡಿ. ಮತ್ತೊಬ್ಬರದು ಕ್ಲಿನಿಕಲ್ ಎಂ.ಫಿಲ್. ನಾಲ್ಕನೆಯವರದು ಎಂ.ಎಸ್.ಡಬ್ಲ್ಯು. ಕಲಿಸುವ ವಿಷಯ ಒಂದೇ ಆದರೆ ಓದು ಯಾಕೆ ಬೇರೆ ಬೇರೆ? ಯಾರ ಕೈಕೆಳಗೆ ಕಲಿತರೆ ಒಳ್ಳೆಯದು?
— ಒಬ್ಬ ಕಾಫಿ ಬೆಳೆಗಾರರು, ಗೋಣಿಕೊಪ್ಪಲು

ಉತ್ತರ: ಡಿಗ್ರಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ 2018ರ ನಿಯಮ ಕೇಳುವುದು ಸಂಬಂಧಪಟ್ಟ ಅಥವಾ ಹತ್ತಿರದ ವಿಷಯದಲ್ಲಿ ಶೇ. 55 ಅಂಕದ ಸ್ನಾತಕೋತ್ತರ ಪದವಿ, ಅದರ ಮೇಲೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯದ ಸೆಟ್ ಅರ್ಹತಾ ಪರೀಕ್ಷೆ. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲರಿಗೆ ಶೇ. 50 ಸಾಕು. ನಡುವೆ ಕೆಲವು ಕಾಲ ಪಿಎಚ್.ಡಿ. ಕಡ್ಡಾಯವಾಗುತ್ತದೆ ಎಂಬ ಮಾತಿತ್ತು. 2023ರ ತಿದ್ದುಪಡಿ ಅದನ್ನು ಐಚ್ಛಿಕ ಮಾಡಿತು. ಹಾಗಾಗಿ ನೀವು ಹೇಳಿದ ಮೊದಲ ಮೂವರೂ ನಿಯಮಕ್ಕೆ ಒಳಪಟ್ಟೇ ಬಂದಿರಬಹುದು. ವ್ಯತ್ಯಾಸ ಇರುವುದು ಅವರು ಯಾವ ಕೆಲಸದಲ್ಲಿ ಪಳಗಿದ್ದಾರೆ ಎಂಬುದರಲ್ಲಿ.

ಎಂ.ಎಸ್ಸಿ., ನೆಟ್ ಆದವರು ವಿಷಯವನ್ನು ಅಗಲವಾಗಿ ಓದಿರುತ್ತಾರೆ. ಗ್ರಹಿಕೆ, ನೆನಪು, ವ್ಯಕ್ತಿತ್ವ, ಸಾಮಾಜಿಕ ಮನಃಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವನ್ನೂ ಮುಟ್ಟದೆ ನೆಟ್ ದಾಟಲು ಆಗುವುದಿಲ್ಲ. ಮೊದಲ ಎರಡು ವರ್ಷಕ್ಕೆ ಇಂಥವರೇ ಹೆಚ್ಚು ಉಪಯೋಗ. ಪಿಎಚ್.ಡಿ. ಮಾಡಿದವರು ಒಂದು ಸಣ್ಣ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಹೋದವರು. ಮಾಹಿತಿ ಹೇಗೆ ಕೂಡಿಹಾಕಬೇಕು, ಎಲ್ಲಿ ಮೋಸಹೋಗುತ್ತೇವೆ ಎಂಬುದು ಅವರಿಗೆ ಗೊತ್ತಿರುತ್ತದೆ, ಕೊನೆಯ ವರ್ಷದ ಸಂಶೋಧನಾ ಕಿರುಯೋಜನೆಗೆ ಅವರು ಬೇಕು. ಆದರೆ ಹೆಸರಿನ ಹಿಂದೆ 'ಡಾಕ್ಟರ್' ಇದೆ ಎಂದು ಅವರು ರೋಗ ನೋಡಬಲ್ಲರು ಎಂದುಕೊಳ್ಳಬೇಡಿ. ತೋಟದ ಕಾರ್ಮಿಕರ ಕೆಲಸದ ತೃಪ್ತಿಯ ಮೇಲೆ ಪ್ರಬಂಧ ಬರೆದವರಿಗೂ ಅದೇ ಡಾಕ್ಟರ್ ಪದವಿ ಸಿಗುತ್ತದೆ.

ಕ್ಲಿನಿಕಲ್ ಎಂ.ಫಿಲ್. ಪೂರ್ತಿ ಬೇರೆ. ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್.ಸಿ.ಐ. ಒಪ್ಪಿದ ಸಂಸ್ಥೆಯಲ್ಲಿ ಎರಡು ವರ್ಷ ಪೂರ್ಣಾವಧಿ, ಹಿರಿಯರ ಕಣ್ಣೆದುರಿಗೆ ರೋಗಿಗಳನ್ನು ನೋಡುತ್ತಾ ಕಲಿಯುವ ತರಬೇತಿ ಅದು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಹಳೆಯ ಮನೆ. ಯುಜಿಸಿ 2022ರ ನಿಯಮದಲ್ಲಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರ ಸಾಲಿನವರೆಗೆ ಪ್ರವೇಶ ಮುಂದುವರಿಸಿತು. ಈಗಾಗಲೇ ಪಡೆದವರ ಪದವಿಗೆ ಇದರಿಂದ ಕುಂದಿಲ್ಲ. ಅಸಹಜ ಮನಃಶಾಸ್ತ್ರದ ಪತ್ರಿಕೆಯನ್ನು ಇಂಥವರು ಕಲಿಸಿದರೆ ಪುಸ್ತಕದ ಪಟ್ಟಿಗೆ ಜೀವ ಬರುತ್ತದೆ. ಖಿನ್ನತೆಗೂ ಸಾಮಾನ್ಯ ದುಃಖಕ್ಕೂ ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಅವರು ನಿತ್ಯ ಮಾಡಿ ನೋಡಿದ್ದಾರೆ.

ಎಂ.ಎಸ್.ಡಬ್ಲ್ಯು., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಓದಿದವರು ಸಮುದಾಯದ ಕೆಲಸ, ಕುಟುಂಬದ ಜೊತೆ ಮಾತುಕತೆ, ಆಪ್ತಸಮಾಲೋಚನೆಯ ಪತ್ರಿಕೆಗೆ ಒಳ್ಳೆಯವರು. ಪ್ರಯೋಗಶಾಲೆ ಮತ್ತು ಮನೋಮಾಪನವನ್ನು ಅವರೊಬ್ಬರ ತಲೆಗೇ ಕಟ್ಟಿದ್ದರೆ ಅದು ಕಾಲೇಜಿನ ತಪ್ಪು.

ನೀವು ಕಾಲೇಜಿಗೆ ಹೋದಾಗ ಪದವಿಗಳನ್ನು ಎಣಿಸುವುದಕ್ಕಿಂತ ಮೂರು ವಿಷಯ ಕೇಳಿ. ಪ್ರಾಯೋಗಿಕ ತರಗತಿಯನ್ನು ಯಾರು ನಡೆಸುತ್ತಾರೆ? ಸಂಖ್ಯಾಶಾಸ್ತ್ರವನ್ನು ಇಲ್ಲಿನವರೇ ಕಲಿಸುತ್ತಾರೋ, ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಾರೋ? ಪ್ರಯೋಗ ಮಾಡುವಾಗ ಇಬ್ಬಿಬ್ಬರಿಗೆ ಒಂದು ಉಪಕರಣ ಸಿಗುತ್ತದೆಯೋ, ಹತ್ತು ಮಂದಿ ಸುತ್ತ ನಿಂತು ನೋಡುತ್ತಾರೋ? ಮೂರನೆಯದಕ್ಕೆ ಉತ್ತರ ತಡವರಿಸಿದರೆ ಇನ್ನೊಂದು ಕಾಲೇಜನ್ನೂ ನೋಡಿ ಬನ್ನಿ.

ಪ್ರಶ್ನೆ: ಎಂ.ಎಸ್ಸಿ. ಮನಃಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಊರಿನ ಕಡೆಯೇ ಉಪನ್ಯಾಸಕಿಯಾಗುವ ಆಸೆ. ನೆಟ್ ಬರೆಯಲೋ, ಕೆ-ಸೆಟ್ ಬರೆಯಲೋ, ಬಿ.ಎಡ್. ಮಾಡಲೋ?
— ವಿದ್ಯಾರ್ಥಿನಿ, ಸೋಮವಾರಪೇಟೆ

ಉತ್ತರ: ಎರಡೂ ಅರ್ಹತಾ ಪರೀಕ್ಷೆ ಬರೆಯಿರಿ. ಪಠ್ಯ ಬಹುತೇಕ ಒಂದೇ, ಓದು ಎರಡು ಸಲ ಮಾಡಬೇಕಿಲ್ಲ. ಕೆ-ಸೆಟ್ ಪ್ರಮಾಣಪತ್ರ ಕರ್ನಾಟಕದ ಒಳಗೆ ಮಾತ್ರ ನಡೆಯುತ್ತದೆ. ನೆಟ್ ದೇಶದ ಎಲ್ಲಿಯಾದರೂ ನಡೆಯುತ್ತದೆ, ಅಂಕ ಚೆನ್ನಾಗಿ ಬಂದರೆ ಸಂಶೋಧನಾ ಶಿಷ್ಯವೇತನವೂ ಸಿಗುತ್ತದೆ. ನೆಟ್‌ನಲ್ಲಿ ಮೊದಲ ಪತ್ರಿಕೆಗೆ 50 ಪ್ರಶ್ನೆ, 100 ಅಂಕ. ವಿಷಯ ಪತ್ರಿಕೆಗೆ 100 ಪ್ರಶ್ನೆ, 200 ಅಂಕ. ಎರಡೂ ಸೇರಿ ಒಟ್ಟಿಗೆ 3 ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಕನಿಷ್ಠ ಶೇ. 40 (ಮೀಸಲು ವರ್ಗಕ್ಕೆ 35) ಬಂದರೆ ಪಾಸು ಎಂದು ತಿಳಿದು ಮೈಮರೆಯುವವರು ತುಂಬಾ ಮಂದಿ. ಅದು ಬಾಗಿಲ ಹೊಸ್ತಿಲು ಅಷ್ಟೆ. ಎರಡೂ ಪತ್ರಿಕೆ ಬರೆದವರಲ್ಲಿ ಮೇಲಿನ ಶೇ. 6ರಷ್ಟು ಮಂದಿಯನ್ನು ಮಾತ್ರ ಆರಿಸುತ್ತಾರೆ.

ಜಾರುವ ಜಾಗಗಳು ಎರಡು. ವಿಷಯ ಗೊತ್ತಿದೆಯೆಂದು ಮೊದಲ ಪತ್ರಿಕೆಯನ್ನು ಬಿಟ್ಟುಬಿಡುವುದು ಒಂದು. ತಾರ್ಕಿಕ ಪ್ರಶ್ನೆ, ಕೋಷ್ಟಕ ಓದುವ ಪ್ರಶ್ನೆಗಳಲ್ಲಿ ಅಂಕ ಸೋರಿಹೋಗುತ್ತದೆ. ಇನ್ನೊಂದು, ಕನ್ನಡದ ಟಿಪ್ಪಣಿ ಮಾತ್ರ ಓದಿರುವುದು. ನೆಟ್‌ನ ಮನಃಶಾಸ್ತ್ರ ಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. 'ಪ್ರಬಲನ', 'ಅನುಬಂಧನ' ಎಂದು ಕಲಿತವರು ರೀಇನ್‌ಫೋರ್ಸ್‌ಮೆಂಟ್, ಕಂಡೀಷನಿಂಗ್ ಎಂದಾಗ ತಡಕಾಡಬಾರದು. ಪ್ರತಿ ಅಧ್ಯಾಯಕ್ಕೂ ಎರಡು ಭಾಷೆಯ ಪದಗಳನ್ನು ಅಕ್ಕಪಕ್ಕ ಬರೆದುಕೊಳ್ಳಿ.

ಬಿ.ಎಡ್. ಬೇಕಾಗುವುದು ಸರ್ಕಾರಿ ಪಿಯು ಕಾಲೇಜಿನ ಉಪನ್ಯಾಸಕ ಹುದ್ದೆಗೆ. ಡಿಗ್ರಿ ಕಾಲೇಜಿಗೆ ಅದು ಕೇಳುವುದಿಲ್ಲ. ಜಿಲ್ಲೆಯೊಳಗೇ ಇರಬೇಕೆಂಬುದು ನಿಮ್ಮ ಮೊದಲ ಇಚ್ಛೆಯಾದರೆ ಎರಡು ಬಾಗಿಲೂ ತೆರೆದಿರುವುದು ಒಳ್ಳೆಯದು. ಯಾಕೆಂದರೆ ಎಲ್ಲ ಕಾಲೇಜಿನಲ್ಲೂ ಮನಃಶಾಸ್ತ್ರ ಇರುವುದಿಲ್ಲ.

ಪ್ರಶ್ನೆ: ಮಗ ಎರಡು ತಿಂಗಳಿಂದ ಸರಿಯಾಗಿ ಮಲಗುತ್ತಿಲ್ಲ, ಊಟ ಕಡಿಮೆ, ಕಾಲೇಜಿಗೆ ಹೋಗಲು ಬೇಜಾರು. ಅವನ ಮನಃಶಾಸ್ತ್ರದ ಸರ್ ಒಳ್ಳೆಯವರು. 'ವಾರಕ್ಕೊಂದು ಸಿಟ್ಟಿಂಗ್ ಮಾಡಿ ಸರಿಮಾಡುತ್ತೇನೆ' ಎಂದಿದ್ದಾರೆ, ಫೀಸೂ ಹೇಳಿದ್ದಾರೆ. ಕಳಿಸಬಹುದೇ?
— ಒಬ್ಬ ತಾಯಿ, ನಾಪೋಕ್ಲು

ಉತ್ತರ: ಬೇಡಮ್ಮ. ಸರ್ ಒಳ್ಳೆಯವರೇ ಇರಬಹುದು, ಆದರೂ ಬೇಡ. ಕಾರಣ ಎರಡಿವೆ.

ಮೊದಲನೆಯದು ತರಬೇತಿ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರು ಎಂದು ಬಿಡಿಸಿ ಹೇಳಿದೆ. ಆರ್.ಸಿ.ಐ. ಮಾನ್ಯ ಮಾಡಿದ ಕ್ಲಿನಿಕಲ್ ಓದು ಇರಬೇಕು. ಬರೀ ಎಂ.ಎ., ಎಂ.ಎಸ್ಸಿ. ಆದವರು ಮನಃಶಾಸ್ತ್ರ ಬಲ್ಲವರು, ಕಲಿಸಬಲ್ಲವರು, ಚಿಕಿತ್ಸಕರಲ್ಲ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ಆರ್.ಸಿ.ಐ. ಒಂದು ನೋಂದಣಿ ಸಂಖ್ಯೆ ಕೊಡುತ್ತದೆ. ಅದನ್ನು ಕೇಳುವುದು ಅವಮಾನವಲ್ಲ. ನಿಜವಾಗಿ ಇರುವವರು ಮುಖ ಗಂಟಿಕ್ಕದೆ ತೋರಿಸುತ್ತಾರೆ. ಅದರ ಮೇಲೆ ಬರೆದಿರುವ ಅವಧಿ ಮುಗಿದಿಲ್ಲವೇ ಎಂದೂ ನೋಡಿ. ಇನ್ನು ಮಾತ್ರೆ ಬರೆಯುವ ಅಧಿಕಾರ ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಕೀಯ ಓದಿದ ವೈದ್ಯರದು, ಸೈಕಾಲಜಿಸ್ಟರದಲ್ಲ.

ಎರಡನೆಯದು ಇನ್ನೂ ಮುಖ್ಯ. ನಿಮ್ಮ ಮಗನ ಆಂತರಿಕ ಅಂಕ ಹಾಕುವವರೂ ಅವರೇ. ಮನಸ್ಸಿನ ಕತ್ತಲೆಯನ್ನು ಯಾರ ಮುಂದೆ ಬಿಚ್ಚಿಡುತ್ತಾನೋ ಅವರೇ ನಾಳೆ ವೈವಾದಲ್ಲಿ ಎದುರು ಕೂತರೆ ಹುಡುಗ ನಿಜ ಹೇಳುವುದಿಲ್ಲ, ಹೇಳಿದರೂ ಮತ್ತೆ ಪರಿತಪಿಸುತ್ತಾನೆ. ತರಬೇತಿ ಪೂರ್ತಿ ಇರುವ ಅಧ್ಯಾಪಕರೂ ತಮ್ಮ ವಿದ್ಯಾರ್ಥಿಗೆ ಚಿಕಿತ್ಸೆ ಮಾಡಬಾರದು, ಅದೂ ಫೀಸು ತೆಗೆದುಕೊಂಡು ಖಂಡಿತ ಮಾಡಬಾರದು.

ಈಗ ಮಾಡಬೇಕಾದ್ದು: ಎರಡು ತಿಂಗಳು ನಿದ್ದೆ, ಊಟ ಎರಡೂ ಕೆಟ್ಟಿದೆಯೆಂದರೆ ಕಾಯಬೇಡಿ. ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಿ. ಥೈರಾಯ್ಡ್, ರಕ್ತಹೀನತೆ ಇದೆಯೇ ಎಂದೂ ಅವರೇ ನೋಡಿಸುತ್ತಾರೆ. ಇವತ್ತೇ ಯಾರೊಂದಿಗಾದರೂ ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ಅದು, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯುವ ಮಾತು ಬಂದಿದ್ದರೆ ಮಗನನ್ನು ಒಬ್ಬನೇ ಬಿಡಬೇಡಿ, ತೋಟದ ಔಷಧಿ ಡಬ್ಬಿ ಮತ್ತು ಮನೆಯ ಕೋವಿಯನ್ನು ಬೀಗ ಹಾಕಿ ಬೇರೆಯವರ ಕೈಗೆ ಕೊಡಿ, ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.

ಸರ್ ಅವರಿಗೂ ಒಂದು ಪಾತ್ರ ಇದೆ. ಹಾಜರಾತಿ ಕಡಿಮೆಯಾದರೆ ನೋಡಿಕೊಳ್ಳುವುದು, ಅಸೈನ್‌ಮೆಂಟಿಗೆ ವಾರ ಹೆಚ್ಚು ಕೊಡುವುದು, ಹುಡುಗನ ವಿಷಯ ಸ್ಟಾಫ್ ರೂಮಿನಲ್ಲಿ ಹರಡದಂತೆ ಕಾಯುವುದು. ಅದನ್ನು ಅವರಲ್ಲಿ ಬಿಚ್ಚುಮನಸ್ಸಿನಿಂದ ಕೇಳಿಕೊಳ್ಳಿ.

ಪ್ರಶ್ನೆ: ಬಿ.ಎ. ವಿದ್ಯಾರ್ಥಿಗಳಿಗೆ ಕನ್ನಡಿ ನೋಡಿ ನಕ್ಷತ್ರ ಬರೆಯುವ ಪ್ರಯೋಗ ಮಾಡಿಸುತ್ತೇನೆ. ಬಲಗೈಯ ಅಭ್ಯಾಸ ಎಡಗೈಗೆ ಎಷ್ಟು ವರ್ಗವಾಯಿತು ಎಂದು ಲೆಕ್ಕ ಹಾಕಿದರೆ ಪ್ರತಿ ವರ್ಷವೂ ಅನುಮಾನ ಬರುವಷ್ಟು ದೊಡ್ಡ ಸಂಖ್ಯೆ ಬರುತ್ತದೆ. ಜೊತೆಗೆ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಉಪಕರಣಗಳೆಲ್ಲ ಹಾಳು.
— ಉಪನ್ಯಾಸಕರು, ಮಡಿಕೇರಿ

ಉತ್ತರ: ಸಂಖ್ಯೆ ದೊಡ್ಡದಾಗುವುದಕ್ಕೆ ಮುಖ್ಯ ಕಾರಣ ಹೋಲಿಕೆಗೆ ಒಂದು ನಿಯಂತ್ರಿತ ಗುಂಪು ಇಲ್ಲದಿರುವುದು. ಸಾಮಾನ್ಯವಾಗಿ ಮೊದಲು ಎಡಗೈಯಲ್ಲಿ 2 ಸಲ, ನಡುವೆ ಬಲಗೈಯಲ್ಲಿ 10 ಸಲ, ಕೊನೆಗೆ ಮತ್ತೆ ಎಡಗೈಯಲ್ಲಿ 2 ಸಲ ಬರೆಸುತ್ತೇವೆ. ಮೊದಲ ಎಡಗೈ ಸರಾಸರಿಯಿಂದ ಕೊನೆಯ ಎಡಗೈ ಸರಾಸರಿ ಕಳೆದು, ಮೊದಲನೆಯದರಿಂದ ಭಾಗಿಸಿ 100ರಿಂದ ಗುಣಿಸುತ್ತೇವೆ. ಆದರೆ ಆ ಮೊದಲ 2 ಸಲ ಬರೆದದ್ದರಿಂದಲೇ ಎಡಗೈ ಸ್ವಲ್ಪ ಕಲಿತಿರುತ್ತದೆ. ಅದನ್ನೂ ಬಲಗೈಯ ಲೆಕ್ಕಕ್ಕೆ ಬರೆದುಬಿಡುತ್ತಿದ್ದೇವೆ.

ತರಗತಿಯನ್ನು ಎರಡು ಮಾಡಿ. ಅರ್ಧ ಮಂದಿ ನಡುವೆ ಬಲಗೈ ಅಭ್ಯಾಸ ಮಾಡಲಿ. ಉಳಿದವರು ಅಷ್ಟೇ ಹೊತ್ತು ಕನ್ನಡಿ ಮುಟ್ಟದೆ ಕೂರಲಿ. ಲೆಕ್ಕ ಹೀಗೆ ಹಿಡಿಯಿರಿ: ಅಭ್ಯಾಸದ ಗುಂಪು 180 ಸೆಕೆಂಡಿನಿಂದ 90ಕ್ಕೆ ಇಳಿದರೆ ಉಳಿತಾಯ ಶೇ. 50. ಸುಮ್ಮನೆ ಕೂತ ಗುಂಪು 180ರಿಂದ 140ಕ್ಕೆ ಇಳಿದರೆ ಅದೇ ಶೇ. 22. ಬಲಗೈಯಿಂದ ನಿಜಕ್ಕೂ ಬಂದದ್ದು ಈ ಎರಡರ ನಡುವಿನ 28 ಮಾತ್ರ. ಇಷ್ಟು ತೋರಿಸಿದರೆ ನಿಯಂತ್ರಿತ ಗುಂಪು ಯಾಕೆ ಬೇಕು ಎಂಬುದನ್ನು ವಿದ್ಯಾರ್ಥಿಗಳು ಮರೆಯುವುದಿಲ್ಲ. ಯಾವ ಉಪನ್ಯಾಸವೂ ಅದನ್ನು ಇಷ್ಟು ಚೆನ್ನಾಗಿ ಕಲಿಸದು.

ಇನ್ನೂ ಕೆಲವು ಕಡೆ ಎಡವುತ್ತಾರೆ. ಸಮಯ ಮಾತ್ರ ಬರೆದುಕೊಂಡು ತಪ್ಪುಗಳನ್ನು ಎಣಿಸದಿದ್ದರೆ, ಅವಸರದಲ್ಲಿ ಗೆರೆ ದಾಟಿದವನೇ ಜಾಣನಾಗುತ್ತಾನೆ. ಎರಡು ಗೆರೆಯ ನಡುವಿನಿಂದ ಪೆನ್ಸಿಲ್ ಹೊರಹೋದಾಗಲೆಲ್ಲ ಒಂದು ತಪ್ಪು, ಹೊರಹೋದ ಜಾಗದಿಂದಲೇ ಒಳಬಂದು ಮುಂದುವರಿಯಬೇಕು. ಪ್ರತಿ ಸಲಕ್ಕೂ ಹೊಸ ಹಾಳೆ ಕೊಡಿ, ಹಳೆಯ ಗೀಟು ದಾರಿ ತೋರಿಸಬಾರದು. ಶುರುಮಾಡುವ ಮೂಲೆ, ಸುತ್ತುವ ದಿಕ್ಕು, ಕನ್ನಡಿಯ ಓರೆ ಕೊನೆತನಕ ಬದಲಾಗಬಾರದು. ಕೈ ನೇರವಾಗಿ ಕಾಣದಂತೆ ಅಡ್ಡಪಟ್ಟಿ ಸರಿಯಾಗಿ ಕೂತಿದೆಯೇ ಎಂದು ನೀವೇ ಒಮ್ಮೆ ಕೂತು ನೋಡಿ. ಎಲ್ಲಕ್ಕಿಂತ ಮೊದಲು, ಯಾವ ಕೈಯಲ್ಲಿ ಬರೆಯುತ್ತೀರಿ ಎಂದು ಕೇಳಿ. ಎಡಚರಿಗೆ ಇಡೀ ಕ್ರಮವನ್ನೇ ತಿರುಗಿಸಬೇಕು.

ಮಳೆಗಾಲದ ಮಾತು. ಬಾಣದ ತುದಿಯಿಂದ ಗೆರೆ ಉದ್ದ-ಗಿಡ್ಡವಾಗಿ ಕಾಣುವ ಭ್ರಮೆ ಅಳೆಯುವ ಮುಲ್ಲರ್-ಲಯರ್ ಹಲಗೆಯ ಮರದ ಜಾರುಪಟ್ಟಿ ತೇವಕ್ಕೆ ಉಬ್ಬಿ ಬಿಗಿಯಾಗುತ್ತದೆ. ಆಗ ವಿದ್ಯಾರ್ಥಿ ಸಮ ಅನಿಸಿದಲ್ಲಿ ನಿಲ್ಲಿಸುವುದಿಲ್ಲ, ಪಟ್ಟಿ ಸಿಕ್ಕಿಕೊಂಡಲ್ಲಿ ನಿಲ್ಲಿಸುತ್ತಾನೆ. ಅದು ಲೆಕ್ಕದಲ್ಲಿ ಚಲನೆಯ ದೋಷದ, ಅಂದರೆ ಪಟ್ಟಿ ಸರಿಸುವ ದಿಕ್ಕಿನಿಂದ ಬರುವ ತಪ್ಪಿನ ಹಾಗೆ ಕಾಣುತ್ತದೆ. ಉದ್ದದಿಂದ ಒಳಕ್ಕೆ ಅರ್ಧ, ಗಿಡ್ಡದಿಂದ ಹೊರಕ್ಕೆ ಅರ್ಧ ಪ್ರಯತ್ನ ಮಾಡಿಸಿ. ಎರಡರ ನಡುವೆ ವಿಪರೀತ ಅಂತರ ಬಂದರೆ ಮನಸ್ಸನ್ನು ಅನುಮಾನಿಸುವ ಮೊದಲು ಮರವನ್ನು ಅನುಮಾನಿಸಿ. ಟಾಲ್ಕಂ ಪುಡಿ ಸವರಿದರೆ ಸ್ವಲ್ಪ ಸಡಿಲವಾಗುತ್ತದೆ. ಬುದ್ಧಿಶಕ್ತಿ ಅಳೆಯುವ ಕೋಹ್ಸ್ ಬ್ಲಾಕುಗಳು, ರೇವನ್ ಪುಸ್ತಿಕೆಗಳು, ಚಿತ್ರದ ಕಾರ್ಡುಗಳನ್ನು ಮುಚ್ಚಳ ಗಟ್ಟಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಬಿಸಿಲು ಬಂದ ದಿನ ಪೊಟ್ಟಣ ಬದಲಿಸಿ. ಬೂಸ್ಟು ಹಿಡಿದ ಕಾರ್ಡನ್ನು ಒರೆಸಿ ಮತ್ತೆ ಬಳಸಬೇಡಿ, ಕಲೆಯೇ ಸುಳಿವಾಗಿಬಿಡುತ್ತದೆ. ಕರೆಂಟು ನಂಬಿ ತಪ್ಪುಗಳನ್ನು ಎಣಿಸುವ ಯಂತ್ರಕ್ಕಿಂತ ಪೆನ್ಸಿಲು, ಹಾಳೆ, ಸ್ಟಾಪ್‌ವಾಚು ಆಷಾಢಕ್ಕೆ ಲೇಸು.

ಪ್ರಶ್ನೆ: ಮೊಮ್ಮಗ ಸೇನಾಧಿಕಾರಿಗಳನ್ನು ಆರಿಸುವ ಎಸ್.ಎಸ್.ಬಿ.ಗೆ ತಯಾರಾಗುತ್ತಿದ್ದಾನೆ. ಅಲ್ಲಿನ ಸೈಕಾಲಜಿ ಪರೀಕ್ಷೆಗೆ ಕಾಲೇಜಿನ ಮನಃಶಾಸ್ತ್ರ ಮೇಡಂ ಹತ್ತಿರ ಟ್ಯೂಷನ್ ಹಾಕಿಸಿದರೆ ಆದೀತೇ?
— ನಿವೃತ್ತ ಸುಬೇದಾರರು, ಪೊನ್ನಂಪೇಟೆ

ಉತ್ತರ: ಸಮಯದೊಳಗೆ ಬರೆಯುವ ಅಭ್ಯಾಸಕ್ಕೆ ಆದೀತು, ಉತ್ತರ ಕಲಿಯುವುದಕ್ಕೆ ಆಗದು. ಸೇನಾ ಆಯ್ಕೆಯ ಮನೋವಿಜ್ಞಾನಿಗಳ ತರಬೇತಿಯೇ ಬೇರೆ, ಅದು ರಕ್ಷಣಾ ಇಲಾಖೆಯ ಒಳಗೆ ನಡೆಯುತ್ತದೆ. ಅವರು ಅಂಕ ಹಾಕುವ ಬಗೆ ಹೊರಗೆ ಸಿಗುವುದಿಲ್ಲ. ಪರೀಕ್ಷೆಯ ಅಳತೆ ಮಾತ್ರ ಎಲ್ಲರಿಗೂ ಗೊತ್ತು: 12 ಚಿತ್ರ, ಅದರಲ್ಲಿ ಒಂದು ಖಾಲಿ, 30 ಸೆಕೆಂಡು ನೋಡಿ 4 ನಿಮಿಷದಲ್ಲಿ ಕಥೆ. 60 ಪದ, ಒಂದೊಂದಕ್ಕೆ 15 ಸೆಕೆಂಡು. 60 ಸನ್ನಿವೇಶಕ್ಕೆ 30 ನಿಮಿಷ. ತನ್ನ ಬಗ್ಗೆ ಬರೆಯಲು 15 ನಿಮಿಷ. ಮೇಡಂ ಗಡಿಯಾರ ಹಿಡಿದು ಬರೆಸಲಿ, ಕೈಬರಹ ತಿದ್ದಲಿ. ಕಂಠಪಾಠ ಮಾಡಿದ ಕಥೆ ಬೇಡ. ಅದೇ ಗುಣಗಳನ್ನು ಮೈದಾನದಲ್ಲಿ ಗುಂಪು ಪರೀಕ್ಷೆ ನಡೆಸುವ ಅಧಿಕಾರಿ (ಜಿ.ಟಿ.ಓ.), ಸಂದರ್ಶನದಲ್ಲಿ ಇನ್ನೊಬ್ಬ ಅಧಿಕಾರಿ ಬೇರೆ ಬೇರೆಯಾಗಿ ಅಳೆಯುತ್ತಾರೆ. ಕಾಗದದ ಮೇಲಿನ ಹುಡುಗನೂ ಹಗ್ಗ ಹಿಡಿದ ಹುಡುಗನೂ ಬೇರೆಯಾಗಿ ಕಂಡರೆ ಐದನೆಯ ದಿನದ ಕಾನ್ಫರೆನ್ಸಿನಲ್ಲಿ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ನಾದಿನಿಯ ಮಗಳು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿಗೆ ಸೇರಿದ್ದಾಳೆ. ಅಲ್ಲಿ ಮನಃಶಾಸ್ತ್ರ ಕಲಿಸುವವರು ಬರೀ ಮಾಸ್ಟರ್ಸ್ ಓದಿದವರಂತೆ. ಕಡಿಮೆ ದರ್ಜೆಯ ಕಾಲೇಜೇ?
— ಗೃಹಿಣಿ, ಕುಶಾಲನಗರ

ಉತ್ತರ: ಅಲ್ಲ. ಅಲ್ಲಿ ಕಮ್ಯುನಿಟಿ ಕಾಲೇಜೆಂದರೆ ಪದವಿಯ ಮೊದಲ ಎರಡು ವರ್ಷ ಕಲಿಸುವ ಜಾಗ, ಆಮೇಲೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಧ್ಯಾಪಕರ ಕನಿಷ್ಠ ಅರ್ಹತೆಯೇ ಮನಃಶಾಸ್ತ್ರದ ಸ್ನಾತಕೋತ್ತರ ಪದವಿ. ಮನಃಶಾಸ್ತ್ರದಲ್ಲಿ ಪದವಿ ಮಾಡಿ ಆಪ್ತಸಮಾಲೋಚನೆ, ಸಮಾಜಕಾರ್ಯ, ಸಂಖ್ಯಾಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಓದಿದವರಿಗೂ ಅವಕಾಶ ಇದೆ. ಅವಳು ವಿಚಾರಿಸಬೇಕಾದ್ದು, ತಾನು ತೆಗೆದುಕೊಂಡ ಕೋರ್ಸಿನ ಕ್ರೆಡಿಟ್ಟುಗಳನ್ನು ಮುಂದೆ ಸೇರಲಿರುವ ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂದು.

ಪ್ರಶ್ನೆ: 2018ರ ಆಗಸ್ಟಿನ ಹಾಗೆ ಗುಡ್ಡ ಕುಸಿದು ಪರಿಹಾರ ಕೇಂದ್ರ ತೆರೆದರೆ, ಮನಃಶಾಸ್ತ್ರ ವಿಭಾಗದವರನ್ನು 'ಕೌನ್ಸೆಲಿಂಗ್ ಮಾಡಿ' ಎಂದು ಕರೆಯುತ್ತಾರೆ. ಕ್ಲಿನಿಕಲ್ ತರಬೇತಿ ಇಲ್ಲದ ನಾವು ಹೋಗಬಹುದೇ?
— ಉಪನ್ಯಾಸಕಿ, ವಿರಾಜಪೇಟೆ

ಉತ್ತರ: ಹೋಗಿ. ಹೋಗಿ ಮಾಡಬೇಕಾದ್ದು ಮಾನಸಿಕ ಪ್ರಥಮ ಚಿಕಿತ್ಸೆ. ಅದಕ್ಕೆ ನೋಂದಣಿ ಬೇಡ, ತಾಳ್ಮೆ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೊರತಂದ ಕೈಪಿಡಿ ಅದನ್ನು ಮೂರು ಮಾತಿನಲ್ಲಿ ಹೇಳುತ್ತದೆ: ನೋಡು, ಕೇಳು, ಜೋಡಿಸು. ಯಾರು ಒಂಟಿಯಾಗಿ ಕೂತಿದ್ದಾರೆ, ಯಾರ ಬಿ.ಪಿ. ಮಾತ್ರೆ ಮನೆಯ ಜೊತೆಗೇ ಹೋಗಿದೆ ಎಂದು ನೋಡಿ. ಅವರಾಗಿ ಮಾತಾಡಿದರೆ ಕೇಳಿ. ಬೇಕಾದ ಕಡೆಗೆ ಜೋಡಿಸಿ: ನೆಂಟರ ಫೋನು, ಆಸ್ಪತ್ರೆ, ಮಕ್ಕಳ ಅಂಕಪಟ್ಟಿಯ ನಕಲು ಸಿಗುವ ಕಚೇರಿ.

'ಏನಾಯಿತು, ಮೊದಲಿಂದ ಹೇಳಿ' ಎಂದು ಕೆದಕಬೇಡಿ. ಘಟನೆಯಾದ ಕೂಡಲೇ ಒಂದೇ ಸಲ ಕೂರಿಸಿ ಎಲ್ಲವನ್ನೂ ಹೇಳಿಸುವ ಹಳೆಯ ಪದ್ಧತಿಯನ್ನು ಈಗ ಯಾರೂ ಶಿಫಾರಸು ಮಾಡುವುದಿಲ್ಲ, ಅದರಿಂದ ಒಳಿತಾಗದು, ಕೆಲವರಿಗೆ ಕೆಡುಕೂ ಆದೀತು. 'ಎಲ್ಲ ಸರಿಹೋಗುತ್ತದೆ' ಎಂದು ಭರವಸೆ ಕೊಡಬೇಡಿ. ಮನೆ, ತೋಟ ಕಳೆದುಕೊಂಡವರಿಗೆ ಅದು ಸರಿಹೋಗದು, ಅವರಿಗೆ ಗೊತ್ತು. ವಿದ್ಯಾರ್ಥಿಗಳ ಕೈಯಲ್ಲಿ ಕಿರುಯೋಜನೆಯ ಪ್ರಶ್ನಾವಳಿ ಕೊಟ್ಟು ಕೇಂದ್ರಕ್ಕೆ ಕಳಿಸುವುದಂತೂ ಕೂಡದು. ತಿಂಗಳು ದಾಟಿದ ಮೇಲೂ ಮಳೆ ಸದ್ದಿಗೆ ಬೆಚ್ಚುವುದು, ಕೆಟ್ಟ ಕನಸು, ಆ ದಾರಿಯನ್ನೇ ತಪ್ಪಿಸುವುದು ಉಳಿದಿದ್ದರೆ ಅಂಥವರನ್ನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ತಲುಪಿಸಿ. ಗುರುತಿಸುವುದು ನಿಮ್ಮ ಕೆಲಸ, ಚಿಕಿತ್ಸೆ ಅವರದು.

ಪ್ರಶ್ನೆ: ಮೈಸೂರಿನಲ್ಲಿ ರೇಡಿಯೋ ಶುರುಮಾಡಿದವರು ಮನಃಶಾಸ್ತ್ರದ ಮೇಷ್ಟ್ರು ಎನ್ನುತ್ತಾರೆ, ನಿಜವೇ?
— ಹೈಸ್ಕೂಲ್ ವಿದ್ಯಾರ್ಥಿ, ಶನಿವಾರಸಂತೆ

ಉತ್ತರ: ನಿಜ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಅವರ ಬಳಿ ಓದಿ ಬಂದು 1924ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದರು. ದೇಶದಲ್ಲಿ ಕಲ್ಕತ್ತೆಯ ನಂತರ ಬಂದ ವಿಭಾಗ ಅದು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರುಮಾಡಿದರು. 'ಆಕಾಶವಾಣಿ' ಅದರ ಹೆಸರು.

ಪ್ರಶ್ನೆ: ಅಂಕಿಗಳ ನೆನಪಿನ ಪ್ರಯೋಗದಲ್ಲಿ ನನ್ನ ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕಡಿಮೆ ಬರುತ್ತಿದೆ. ಮಕ್ಕಳು ದಡ್ಡರೇ?
— ಪಿಯು ಉಪನ್ಯಾಸಕರು, ಸಿದ್ದಾಪುರ

ಉತ್ತರ: ಖಂಡಿತ ಅಲ್ಲ. ನಾಲಿಗೆ ಸುಮಾರು ಎರಡು ಸೆಕೆಂಡಿನಲ್ಲಿ ಹೇಳಬಲ್ಲಷ್ಟನ್ನು ತತ್‌ಕ್ಷಣದ ನೆನಪು ಹಿಡಿದಿಡುತ್ತದೆ ಎಂದು 1975ರಲ್ಲಿ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದರು. ಇಂಗ್ಲಿಷಿನಲ್ಲಿ ಒಂದರಿಂದ ಒಂಬತ್ತರವರೆಗೆ ಏಳನ್ನು ಬಿಟ್ಟರೆ ಉಳಿದದ್ದೆಲ್ಲ ಒಂದೇ ಉಚ್ಚಾರಾಂಶದ ಗಿಡ್ಡ ಪದಗಳು. ಕನ್ನಡದಲ್ಲಿ ಎರಡು, ನಾಲ್ಕು, ಒಂಬತ್ತು ಎಲ್ಲವೂ ಉದ್ದ, ಹಾಗಾಗಿ ಆ ಎರಡು ಸೆಕೆಂಡಿನಲ್ಲಿ ಕಡಿಮೆ ಅಂಕಿ ಹಿಡಿಸುತ್ತವೆ. ವೆಲ್ಷ್ ಭಾಷೆಯವರಿಗೂ ಹೀಗೇ ಆಗುವುದನ್ನು ಎಲಿಸ್ ಮತ್ತು ಹೆನೆಲಿ 1980ರಲ್ಲಿ ಕಂಡಿದ್ದರು. ನಿಮ್ಮ ತರಗತಿಯಲ್ಲಿ ಇನ್ನೊಂದು ತೊಡಕಿದೆ: ನೀವು ಕನ್ನಡದಲ್ಲಿ ಹೇಳಿದರೆ ಒಬ್ಬಳು ಮನಸ್ಸಿನಲ್ಲಿ ಒಂದ್, ದಂಡ್, ಮೂಂದ್ ಎಂದು ಕೊಡವ ತಕ್ಕಿನಲ್ಲಿ ಎಣಿಸುತ್ತಾಳೆ, ಇನ್ನೊಬ್ಬ ಮಲಯಾಳದಲ್ಲಿ, ಮೂರನೆಯವನು ಇಂಗ್ಲಿಷಿನಲ್ಲಿ.

ಸೆಕೆಂಡಿಗೊಂದು ಅಂಕಿ, ಒಂದೇ ದನಿ, ಫೋನ್ ನಂಬರಿನ ಹಾಗೆ ಗುಂಪು ಮಾಡದೆ ಓದಿ. 3 ಅಂಕಿಯಿಂದ ಶುರು, ಪ್ರತಿ ಉದ್ದಕ್ಕೂ ಎರಡು ಸಲ, ಎರಡೂ ತಪ್ಪಿದಲ್ಲಿ ನಿಲ್ಲಿಸಿ. ಆಮೇಲೆ ಪ್ರತಿಯೊಬ್ಬರನ್ನೂ ಯಾವ ಭಾಷೆಯಲ್ಲಿ ಎಣಿಸಿದೆ ಎಂದು ಕೇಳಿ, ವರದಿಯ ಮೊದಲ ಸಾಲಿನಲ್ಲೇ ಅದನ್ನು ಬರೆಸಿ.